ಘಟ್ಟದ ಹಾದಿಯಲ್ಲಿ ವಿದ್ಯುತ್ ಕಾರು

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಸುಮಾರು 350 ಕಿಲೋಮೀಟರ್ ಉದ್ದವಿದೆ. ನೆಲಮಂಗಲವನ್ನು ದಾಟಿ, ಕುಣಿಗಲ್ಲಿನ ದೊಡ್ಡ ಕೆರೆಯ ಊರನ್ನು ಹಾದು, ಬೆಳ್ಳೂರು, ಹಿರೀಸಾವೆ, ಚನ್ನರಾಯಪಟ್ಟಣಗಳ ತೆಂಗಿನ ತೋಟಗಳನ್ನು ಇಕ್ಕೆಲದಲ್ಲಿ ನೋಡುತ್ತ, ಹಾಸನವನ್ನು ಮುಟ್ಟಿ, ಸಕಲೇಶಪುರದಲ್ಲಿ ಹೇಮಾವತಿಯನ್ನು ಕಂಡು, ಶಿರಾಡಿ ಘಟ್ಟವನ್ನಿಳಿದು ಕಡಲ ಸೀಮೆಯನ್ನು ಸೇರುವ ದಾರಿಯಿದು. ಬಯಲು, ಮಲೆನಾಡು, ಕರಾವಳಿ ಮೂರೂ ಒಂದೇ ಹಗಲಿನಲ್ಲಿ ಕಣ್ಣಿಗೆ ಬೀಳುತ್ತವೆ. ಹಿಂದಿನ ಮೋಟಾರು ಪ್ರಯಾಣಿಕನು ಇಲ್ಲಿ ಹೆದರುತ್ತಿದ್ದುದು ಏರಿನಲ್ಲಿ ಕುದಿಯುವ ರೇಡಿಯೇಟರಿಗೆ, ಇಳಿಜಾರಿನಲ್ಲಿ ಕಾದು ಸೋಲುವ ಬ್ರೇಕಿಗೆ. ವಿದ್ಯುತ್ ಕಾರಿನಲ್ಲಿ ಹೊರಡುವವನಿಗೆ ಆ ಎರಡು ಭಯಗಳೂ ಬಹುಮಟ್ಟಿಗೆ ತಪ್ಪಿವೆ. ಅವನ ಚಿಂತೆಯೆಲ್ಲ ಅಂಗೈಯಗಲದ ಒಂದು ಮುಚ್ಚಳದ ಹಿಂದೆ ಅಡಗಿದೆ. ಅದೇ ಚಾರ್ಜಿಂಗ್ ಪೋರ್ಟ್.

ಪೋರ್ಟ್ ಎಂಬುದು ಕಾರಿನ ಹೊಸ್ತಿಲು. ಒಳಗಿನ ಬ್ಯಾಟರಿಯೂ ಹೊರಗಿನ ಲೋಕವೂ ಅಲ್ಲಿ ಮಾತ್ರ ಪರಸ್ಪರ ಸಂಧಿಸುತ್ತವೆ. ಆದಕಾರಣ ಊರೂರಿನ ಧೂಳು, ಮಳೆ, ಬಿಸಿಲು, ನೆಲದ ಗುಣ, ತಂತಿಯ ಹಳತು ಇವೆಲ್ಲದರ ಸುದ್ದಿಯೂ ಮೊದಲು ಆ ಹೊಸ್ತಿಲಿಗೆ ಬಂದು ಮುಟ್ಟುತ್ತದೆ. 'ಪೋರ್ಟ್ ಕೆಟ್ಟಿತು' ಎಂದು ಗಾಬರಿಗೊಳ್ಳುವ ಅನೇಕ ಸಂದರ್ಭಗಳಲ್ಲಿ ಕೆಟ್ಟಿರುವುದು ಪೋರ್ಟ್ ಅಲ್ಲ. ಅದು ನಿಂತಿರುವ ಸ್ಥಳದ ಯಾವುದೋ ಕೊರತೆಯನ್ನು ಹೇಳುತ್ತಿರುತ್ತದೆ, ಅಷ್ಟೆ. ಮೇ ತಿಂಗಳ ರಜೆಯಲ್ಲಿ ಬೆಂಗಳೂರಿನಿಂದ ಬಂಟವಾಳದ ಕಡೆಯ ಅಜ್ಜಿಯ ಮನೆಗೆ ಹೊರಟ ಒಂದು ಸಂಸಾರದ ಹಿಂದೆಯೇ ಸಾಗಿದರೆ ಈ ಮಾತು ಚೆನ್ನಾಗಿ ಮನದಟ್ಟಾಗುತ್ತದೆ. ಗಂಡ, ಹೆಂಡತಿ, ಮಗ, ಮಗಳು. ಡಿಕ್ಕಿಯ ತುಂಬ ಸಾಮಾನು. ಬ್ಯಾಟರಿಯಲ್ಲಿ 40 ಯೂನಿಟ್ ಹಿಡಿಯುವ ಒಂದು ಸಾಧಾರಣ ಕಾರು.

ನೆಲಮಾಳಿಗೆಯ ಮುಹೂರ್ತ

ಬೆಂಗಳೂರಿಗೂ ವಿದ್ಯುತ್ತಿಗೂ ಹಳೆಯ ನಂಟು. ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುದಾಗಾರವು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. 2001ರಲ್ಲಿ ಇದೇ ಊರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತು. ಮುಂದೆ ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ಮನೆಯ 15 ಆಂಪಿಯರ್ ಪ್ಲಗ್ಗೇ ಅದರ ಪೆಟ್ರೋಲ್ ಬಂಕು. ಇಂದಿಗೂ ವಸತಿ ಸಮುಚ್ಚಯಗಳ ನೆಲಮಾಳಿಗೆಗಳಲ್ಲಿ ಅನೇಕ ಕಾರುಗಳು ಅಂತಹ ಪ್ಲಗ್ಗಿನಿಂದಲೇ ರಾತ್ರಿಯಿಡೀ ಉಣ್ಣುತ್ತವೆ. ಅಂತಹ ಪ್ಲಗ್ಗು ಗಂಟೆಗೆ ಸುಮಾರು 3 ಯೂನಿಟ್ ಕೊಟ್ಟರೆ, ಗೋಡೆಗೆ ಜೋಡಿಸಿದ ದೊಡ್ಡ ಪೆಟ್ಟಿಗೆ 7ರಷ್ಟು ಕೊಡುತ್ತದೆ.

ಹೊರಡುವ ಹಿಂದಿನ ಸಂಜೆ ಈ ಸಂಸಾರಕ್ಕೆ ಮೊದಲ ತೊಡಕು ಎದುರಾಯಿತು. ಪ್ಲಗ್ಗು ಕೂಡಿಸಿದರೂ ಕಾರು ಮೌನ. ಸ್ವಿಚ್ಚು ಸರಿಯಾಗಿದೆ, ಎಂಸಿಬಿ ಬಿದ್ದಿಲ್ಲ, ಮುಚ್ಚಳದ ಬಳಿಯ ದೀಪವೂ ಉರಿಯುತ್ತಿದೆ. ಆದರೆ ಬ್ಯಾಟರಿಯ ಅಂಕಿ ಮಾತ್ರ ಏರುತ್ತಿಲ್ಲ. ಗಂಡನು ಸರ್ವಿಸ್ ಕೇಂದ್ರಕ್ಕೆ ಫೋನು ಮಾಡಬೇಕೆನ್ನುವಷ್ಟರಲ್ಲಿ ಮಗನು ತಲೆ ಕೆರೆದುಕೊಂಡು, "ಅಪ್ಪಾ, ಹೋದ ವಾರ ನಾನು ಅದರಲ್ಲಿ ಟೈಮರ್ ಇಟ್ಟಿದ್ದೆ" ಎಂದನು. ರಾತ್ರಿ ಹನ್ನೊಂದರ ಮುಹೂರ್ತಕ್ಕಾಗಿ ಕಾರು ಕಾದು ಕುಳಿತಿತ್ತು! ಯಂತ್ರವು ಆಜ್ಞೆಯನ್ನು ಪಾಲಿಸುತ್ತಿರುವಾಗ ಅದು ಕೆಟ್ಟಿದೆಯೆಂದು ಭಾವಿಸುವುದು ಈ ಕಾರುಗಳ ಮಾಲಿಕರಿಗೆ ಅಪರೂಪದ ಅನುಭವವಲ್ಲ. ಆದುದರಿಂದ ಮೊದಲ ಪರೀಕ್ಷೆ ಸುಲಭವಾದುದರಿಂದಲೇ ಆರಂಭವಾಗಬೇಕು. ಟೈಮರು ಇದೆಯೇ? 'ಇಷ್ಟು ತುಂಬಿದರೆ ಸಾಕು' ಎಂಬ ಮಿತಿಯನ್ನು ಯಾರಾದರೂ ಇಟ್ಟಿದ್ದಾರೆಯೇ? ಸ್ವಿಚ್ಚು, ಎಂಸಿಬಿ ಸರಿಯೇ? ಇವು ಮುಗಿದ ಮೇಲೆ ಮಿಕ್ಕದ್ದು.

ನೆಲಮಾಳಿಗೆಯ ಎರಡನೆಯ ರೋಗ ಇಷ್ಟು ನಿರಪಾಯಕರವಲ್ಲ. ನೀರು ಕಾಯಿಸುವ ಗೀಸರಿಗೆ ದಿನಕ್ಕೆ ಅರ್ಧ ಗಂಟೆ ದುಡಿಯಲೆಂದು ಹಾಕಿದ ಪ್ಲಗ್ಗು, ಕಾರಿಗಾಗಿ ಎಂಟು ಹತ್ತು ಗಂಟೆ ಎಡೆಬಿಡದೆ ಪೂರ್ಣ ಹೊರೆಯನ್ನು ಹೊರಬೇಕಾಗುತ್ತದೆ. ಒಳಗಿನ ಸ್ಕ್ರೂ ಸಡಿಲವಾಗಿದ್ದರೆ, ಹಿತ್ತಾಳೆಯ ಹಿಡಿತ ಸವೆದಿದ್ದರೆ ಆ ಸಂದಿನಲ್ಲಿ ಶಾಖ ಹುಟ್ಟುತ್ತದೆ. ಕಾರು ಅರ್ಧ ದಾರಿಯಲ್ಲಿ ಚಾರ್ಜನ್ನು ನಿಲ್ಲಿಸಿದರೆ, ಅಥವಾ ತಾನಾಗಿಯೇ ನಿಧಾನ ಮಾಡಿದರೆ, ಕೇಬಲ್ಲಿನೊಳಗಿನ ಉಷ್ಣಮಾಪಕವು ಆ ಶಾಖವನ್ನು ಕಂಡುಹಿಡಿದಿರಬಹುದು. ಅರ್ಧ ಗಂಟೆಯ ಮೇಲೆ ಪ್ಲಗ್ಗಿನ ಹೊರಮೈಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈಯಿಡಲಾಗದಷ್ಟು ಕಾದಿದ್ದರೆ, ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನೇ ಬದಲಾಯಿಸಬೇಕು. ಇಂತಹ ಕಡೆ ಎಕ್ಸ್‌ಟೆನ್ಷನ್ ಬೋರ್ಡನ್ನು ಬಳಸುವುದು ಬೆಂಕಿಗೆ ಆಹ್ವಾನವಿತ್ತಂತೆ.

ಬಯಲಿನ ಧೂಳು

ಮುಂಜಾನೆ ಹೊರಟ ಕಾರು ಕುಣಿಗಲನ್ನು ದಾಟುವ ವೇಳೆಗೆ ಬಿಸಿಲೇರಿರುತ್ತದೆ. ಬೇಸಿಗೆಯ ಬಯಲು ಸೀಮೆಯಲ್ಲಿ ಗಾಳಿಗೂ ಬಣ್ಣವಿದೆ. ಲಾರಿಯೊಂದು ಪಕ್ಕಕ್ಕೆ ಸರಿದರೆ ಕೆಂಪು ಧೂಳು ಎದ್ದು ಕಾರಿನ ಸಂದುಗೊಂದುಗಳಲ್ಲೆಲ್ಲ ಕೂರುತ್ತದೆ. ಬೆಳ್ಳೂರಿನ ಬಳಿ ಕಾಫಿಗೆ ನಿಂತಾಗ ಪೋರ್ಟಿನ ಮುಚ್ಚಳವನ್ನು ತೆರೆದು ನೋಡುವುದು ಒಳ್ಳೆಯ ಅಭ್ಯಾಸ.

ಇಂದಿನ ಭಾರತದ ಕಾರುಗಳಲ್ಲಿ ಹೆಚ್ಚಿನವು 'ಸಿಸಿಎಸ್ 2' ಎಂಬ ಒಂದೇ ಬಗೆಯ ಪೋರ್ಟನ್ನು ಹೊಂದಿವೆ. ಕೆಲವು ವರ್ಷಗಳ ಹಿಂದಿನ ಕೆಲವು ಕಾರುಗಳ ಪೋರ್ಟು ಬೇರೆ ಆಕಾರದ್ದು. ಅಂತಹವರು ಹೊರಡುವ ಮೊದಲೇ ದಾರಿಯಲ್ಲಿ ತಮಗೊಪ್ಪುವ ಯಂತ್ರ ಎಲ್ಲಿದೆಯೆಂದು ವಿಚಾರಿಸಿಕೊಳ್ಳಬೇಕು. ಸಿಸಿಎಸ್ 2ರ ಮೇಲುಭಾಗದಲ್ಲಿ ಏಳು ಮನೆಗಳ ಒಂದು ದುಂಡು ವೃತ್ತ; ಕೆಳಗೆ ದಪ್ಪನಾದ ಎರಡು ಪಿನ್ನುಗಳು. ಕೆಳಗಿನೆರಡು ಹೆದ್ದಾರಿಯ ಶೀಘ್ರ ಚಾರ್ಜಿಗೆ, ಮೇಲಿನವು ಮನೆಯ ನಿಧಾನ ಚಾರ್ಜಿಗೆ. ಕೆಲವು ಕಾರುಗಳಲ್ಲಿ ಏಳು ಮನೆಗಳಲ್ಲಿ ಎರಡು ಖಾಲಿಯಿರುವುದುಂಟು. ಮನೆಯ ಒಂದೇ ಫೇಸಿಗೆ ಅವು ಬೇಕಿಲ್ಲವಾದುದರಿಂದ ಅದು ದೋಷವಲ್ಲ. ಮೇಲಿನ ಸಾಲಿನ ಎರಡು ಚಿಕ್ಕ ಪಿನ್ನುಗಳು ಶಕ್ತಿಯನ್ನು ಹೊರುವುದಿಲ್ಲ, ಮಾತನ್ನು ಹೊರುತ್ತವೆ. ಗನ್ ಕೂಡಿಕೊಂಡಿದೆಯೆ, ಅದರ ತಂತಿ ಎಷ್ಟು ಹೊರೆಯನ್ನು ತಾಳಬಲ್ಲುದು ಎಂಬುದನ್ನು ಒಂದು ತಿಳಿಸಿದರೆ, ಕಾರು ಸಿದ್ಧವಾಗಿದೆಯೆ ಎಂಬುದನ್ನು ಇನ್ನೊಂದು ತಿಳಿಸುತ್ತದೆ. ಈ ಚಿಕ್ಕ ಪಿನ್ನುಗಳ ಮೇಲೆ ಧೂಳೋ ಇರುವೆಯೋ ಜೇಡರ ಬಲೆಯೋ ಕುಳಿತರೆ ಮಾತು ಕೆಡುತ್ತದೆ. ಮಾತು ಕೆಟ್ಟರೆ ಶಕ್ತಿ ಹರಿಯದು.

ಇದಕ್ಕೆ ಮದ್ದು ಸರಳವಾದುದು. ಕ್ಯಾಮೆರಾದ ಧೂಳನ್ನು ಊದುವ ರಬ್ಬರ್ ಬುರುಡೆ, ಒಣಗಿದ ಮೆತ್ತನೆಯ ಬಟ್ಟೆ, ಲೋಹವಿಲ್ಲದ ಮೃದುವಾದ ಬ್ರಷ್ಷು ಇಷ್ಟು ಸಾಕು. ಹೇರ್‌ಪಿನ್ನಿನಿಂದ ಕೆದಕುವುದು, ನೀರು ಚಿಮುಕಿಸುವುದು, ಎಣ್ಣೆ ಹಚ್ಚುವುದು ಸರ್ವಥಾ ಕೂಡದು. ಪಿನ್ನು ಬಾಗಿದ್ದರೆ, ಕರಿಬಿದ್ದಿದ್ದರೆ, ಹಸಿರು ಕಿಲುಬು ಹತ್ತಿದ್ದರೆ ಮುಚ್ಚಳವನ್ನು ಮುಚ್ಚಿ ಬಲ್ಲವರಲ್ಲಿಗೆ ಒಯ್ಯುವುದೇ ಜಾಣತನ. ಬಾನೆಟ್ಟಿನೊಳಗೆ ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ನೂರಾರು ವೋಲ್ಟುಗಳು ಹರಿಯುತ್ತವೆ; ಆ ಬಣ್ಣವೇ 'ಮುಟ್ಟಬೇಡ' ಎಂಬ ಫಲಕ.

ಮಾತು ಕೂಡದ ಗಳಿಗೆ

ಚನ್ನರಾಯಪಟ್ಟಣಕ್ಕೆ ಬರುವ ವೇಳೆಗೆ 145 ಕಿಲೋಮೀಟರ್ ಕಳೆದು ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಹೋಟೆಲಿನ ಅಂಗಳದಲ್ಲಿ ಶೀಘ್ರ ಚಾರ್ಜಿನ ಎರಡು ಯಂತ್ರಗಳು ನಿಂತಿದ್ದವು. ಮಕ್ಕಳು ಇಡ್ಲಿಗೆ ಓಡಿದರು. ಗಂಡನು ಗನ್ನನ್ನು ಕೂಡಿಸಿದನು. ಯಂತ್ರವು ಒಂದು ನಿಮಿಷ ಯೋಚಿಸಿ, 'ಸಂಪರ್ಕ ವಿಫಲ' ಎಂದು ಬರೆದು ಸುಮ್ಮನಾಯಿತು. ಮತ್ತೊಮ್ಮೆ ಕೂಡಿಸಿದರೂ ಅದೇ ಉತ್ತರ. ಮುಂದೆ ಘಟ್ಟವಿದೆ, ಹಿಂದೆ ಮಕ್ಕಳಿದ್ದಾರೆ. ಇಂತಹ ಗಳಿಗೆಯಲ್ಲಿಯೇ ಮನುಷ್ಯನ ತಾಳ್ಮೆ ಪರೀಕ್ಷೆಗೆ ಒಳಗಾಗುವುದು.

ಈ ಒಂದು ನಿಮಿಷದಲ್ಲಿ ನಡೆಯುವುದೇನು? ಗನ್ ಕೂಡುವ ಮೊದಲು ಯಂತ್ರದ ಸಂದೇಶದ ತಂತಿಯಲ್ಲಿ 12 ವೋಲ್ಟ್ ಇರುತ್ತದೆ. ಕೂಡಿದೊಡನೆ ಕಾರು ಅದನ್ನು 9ಕ್ಕೆ ಇಳಿಸಿ 'ಬಂದಿದ್ದೇನೆ' ಎನ್ನುತ್ತದೆ. 6ಕ್ಕೆ ಇಳಿಸಿ 'ಸಿದ್ಧನಾಗಿದ್ದೇನೆ' ಎನ್ನುತ್ತದೆ. ಶೀಘ್ರ ಚಾರ್ಜಿನಲ್ಲಿ ಇದರ ಜತೆಗೆ ಅದೇ ತಂತಿಯ ಮೇಲೆ ಎರಡೂ ಕಡೆಯ ಕಂಪ್ಯೂಟರುಗಳು ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಎಂಬ ಒಪ್ಪಂದವನ್ನು ಮಾಡಿಕೊಳ್ಳುತ್ತವೆ. ಎಲ್ಲಿಯೂ ಸೋರಿಕೆಯಿಲ್ಲವೆಂದು ಯಂತ್ರವು ಪರೀಕ್ಷಿಸಿಕೊಳ್ಳುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಶಕ್ತಿಯ ಬಾಗಿಲು ತೆರೆಯುವುದಿಲ್ಲ. ತೆರೆಯದಿರುವುದೇ ಅದರ ರಕ್ಷಣೆ.

ಸಾಮಾನ್ಯವಾದ ಕಾರಣವೊಂದುಂಟು. ಈ ಗನ್ನು ಭಾರವಾದುದು, ಅದರ ಕೇಬಲ್ಲು ಇನ್ನೂ ಭಾರ. ಕೂಡಿಸಿದ ಮೇಲೆ ಕೈ ಬಿಟ್ಟರೆ ಅದು ಕೆಳಕ್ಕೆ ಜೋತು ಮೇಲಿನ ಚಿಕ್ಕ ಪಿನ್ನುಗಳು ಕೂದಲೆಳೆಯಷ್ಟು ಬಿಟ್ಟುಕೊಳ್ಳಬಹುದು. ಕಾರಿನ ಬೀಗವು 'ಟಕ್' ಎನ್ನುವವರೆಗೆ ಗನ್ನನ್ನು ಎತ್ತಿ ಒತ್ತಿ ಹಿಡಿಯಬೇಕು. ಅದಕ್ಕೂ ಬಗ್ಗದಿದ್ದರೆ ಗನ್ನನ್ನು ತೆಗೆದು, ಕಾರನ್ನು ಆರಿಸಿ ಬೀಗ ಹಾಕಿ, ಎರಡು ನಿಮಿಷ ಬಿಟ್ಟು ಮೊದಲಿನಿಂದ ಆರಂಭಿಸಬೇಕು. ಆಗಲೂ ಆಗದಿದ್ದರೆ ಇನ್ನೊಂದು ಯಂತ್ರಕ್ಕೆ ಹೋಗಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುವುದು ವೈದ್ಯನ ಕ್ರಮ. ಬೇರೆಯವರ ಕಾರೂ ಇದೇ ಯಂತ್ರದಲ್ಲಿ ಸೋತರೆ ದೋಷ ಯಂತ್ರದ್ದು. ಈ ಕಾರು ಎರಡು ಮೂರು ಯಂತ್ರಗಳಲ್ಲಿ ಸೋತರೆ ದೋಷ ಕಾರಿನದು. ಈ ಸಂಸಾರದ ಕಾರು ಪಕ್ಕದ ಯಂತ್ರದಲ್ಲಿ ಮೊದಲ ಸಲಕ್ಕೇ ಉಣ್ಣತೊಡಗಿತು. ಇಡ್ಲಿ, ವಡೆ, ಕಾಫಿ ಮುಗಿಯುವುದರೊಳಗೆ ಬ್ಯಾಟರಿ 80ಕ್ಕೇರಿತು. ಅಲ್ಲಿಂದಾಚೆಗೆ ಚಾರ್ಜು ನಿಧಾನವಾಗುವುದು ಸ್ವಭಾವ. ಅದನ್ನು ಪೋರ್ಟಿನ ರೋಗವೆಂದು ಎಣಿಸಬಾರದು.

ಸಕಲೇಶಪುರದ ಮಳೆ

ಹಾಸನವನ್ನು ಬಿಟ್ಟ ಮೇಲೆ ನೆಲದ ಬಣ್ಣ ತಿರುಗುತ್ತದೆ. ಆಲೂಗೆಡ್ಡೆಯ ಹೊಲಗಳು ಹಿಂದೆ ಸರಿದು ಸಿಲ್ವರ್ ಮರಗಳೂ ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳೂ ಕಾಫಿಯ ಗಿಡಗಳೂ ಬರುತ್ತವೆ. ಸಕಲೇಶಪುರ ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ. ಊರಾಚೆಯ ಗುಡ್ಡದ ಮೇಲೆ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಮಂಜಿನಲ್ಲಿ ಮುಳುಗೇಳುತ್ತಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಗುಡುಗಿನ ಮಳೆ ಬಾರದಿದ್ದರೆ ಆಶ್ಚರ್ಯ.

ಮಳೆಯಲ್ಲಿ ಚಾರ್ಜ್ ಮಾಡಬಹುದೇ ಎಂಬ ಪ್ರಶ್ನೆಯನ್ನು ಗೃಹಿಣಿಯರು ಕೇಳುವುದು ಸಹಜ. ಗನ್ ಪೂರ್ತಿ ಕೂಡಿ, ಬೀಗ ಬಿದ್ದು, ಮಾತು ಮುಗಿಯುವವರೆಗೆ ಪಿನ್ನುಗಳಿಗೆ ಶಕ್ತಿ ಬರುವುದಿಲ್ಲ. ಪೋರ್ಟಿನ ಒಳಗೆ ಬಿದ್ದ ನೀರು ಇಳಿದು ಹೋಗಲು ಕಿಂಡಿಗಳಿವೆ. ಸುಸ್ಥಿತಿಯಲ್ಲಿರುವ ಯಂತ್ರ ಮತ್ತು ಪೋರ್ಟುಗಳಿಗೆ ಸಾಧಾರಣ ಮಳೆ ಅಪಾಯವಲ್ಲ. ಆದರೆ ಗನ್ನಿನ ಬಾಯಲ್ಲಿ ನೀರು ನಿಂತಿದ್ದರೆ ಕಾರು ಚಾರ್ಜನ್ನು ನಿರಾಕರಿಸಬಹುದು. ಗನ್ನನ್ನು ಕೆಳಮುಖವಾಗಿ ಹಿಡಿದು ಕೊಡವಿ, ಪೋರ್ಟನ್ನು ಒಣಬಟ್ಟೆಯಿಂದ ಒತ್ತಿ, ಸೂರಿನ ಕೆಳಗೆ ಮುಚ್ಚಳ ತೆರೆದು ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗನ್ ಒಡೆದಿದ್ದರೆ, ಯಂತ್ರದ ಬುಡದಲ್ಲಿ ನೀರು ನಿಂತಿದ್ದರೆ, ಮಿಂಚು ತಲೆಯ ಮೇಲೆಯೇ ಹೊಳೆಯುತ್ತಿದ್ದರೆ ಮಾತ್ರ ಮಳೆ ನಿಲ್ಲುವವರೆಗೆ ಕಾಯುವುದು ಲೇಸು.

ಈ ಸಂಸಾರಕ್ಕೆ ಇಲ್ಲಿ ಒದಗಿದ ತೊಡಕು ವಿಪರೀತವಾದುದು. ಚಾರ್ಜು ಮುಗಿಯಿತು, ಹಣವೂ ಸಂದಿತು, ಗನ್ ಮಾತ್ರ ಹೊರಗೆ ಬರಲೊಲ್ಲದು! ಹಿಂದೆ ಇನ್ನೆರಡು ಕಾರುಗಳು ಕಾಯುತ್ತಿದ್ದವು. ಕಾದಿದ್ದವರಲ್ಲೊಬ್ಬರು "ಎರಡೂ ಕೈ ಹಾಕಿ ಎಳೀರಿ ಸಾರ್" ಎಂದು ಸಲಹೆಯಿತ್ತರು. ಹಾಗೆ ಎಳೆದರೆ ಮುರಿಯುವುದು ಗನ್ನನ್ನು ಹಿಡಿದಿರುವ ಬೆರಳು ಗಾತ್ರದ ಬೀಗ. ಅದು ಮುರಿದ ಮೇಲೆ ಗನ್ ಹೊರಗೆ ಬಂದರೂ ಮುಂದೆ ಯಾವ ಯಂತ್ರವೂ ಕಾರಿಗೆ ಶಕ್ತಿ ಕೊಡದಿರಬಹುದು. ಮಾಡಬೇಕಾದುದಿಷ್ಟೆ. ಯಂತ್ರದಲ್ಲಿ ಚಾರ್ಜು ನಿಂತಿದೆಯೆಂದು ಖಚಿತಪಡಿಸಿಕೊಂಡು, ಕಾರಿನ ಬೀಗವನ್ನು ಹಾಕಿ ತೆಗೆಯಬೇಕು. ಗನ್ನಿನ ಭಾರವನ್ನು ಒಂದು ಕೈಯಲ್ಲಿ ಎತ್ತಿ, ತುಸು ಒಳಕ್ಕೆ ಒತ್ತಿ, ಇನ್ನೊಬ್ಬರಿಂದ ಬೀಗ ತೆಗೆಯುವ ಗುಂಡಿಯನ್ನು ಒತ್ತಿಸಬೇಕು. ಜೋತ ಭಾರದಿಂದ ಕಚ್ಚಿಕೊಂಡ ಬೀಗ ಇದರಿಂದ ಸಡಿಲಗೊಳ್ಳುತ್ತದೆ. ಅದೂ ಫಲಿಸದಿದ್ದರೆ ಅನೇಕ ಕಾರುಗಳಲ್ಲಿ ಡಿಕ್ಕಿಯಲ್ಲೋ ಬಾನೆಟ್ಟಿನ ಒಳಗೋ ತುರ್ತಿಗೆಂದು ಒಂದು ಎಳೆದಾರವಿರುತ್ತದೆ; ಕಾರಿನ ಕೈಪಿಡಿಯಲ್ಲಿ ಅದರ ಚಿತ್ರವಿದೆ. ಮಳೆಯಲ್ಲಿ ತೊಯ್ದುಕೊಂಡು ಹೆಂಡತಿ ಗನ್ನನ್ನು ಎತ್ತಿ ಹಿಡಿದಳು, ಗಂಡ ಗುಂಡಿ ಒತ್ತಿದನು. ಗನ್ನು ಬೆಣ್ಣೆಯಲ್ಲಿನ ಕೂದಲಿನಂತೆ ಈಚೆಗೆ ಬಂದಿತು.

ಘಟ್ಟದ ಉಡುಗೊರೆ

ಶಿರಾಡಿಯ ಇಳಿಜಾರು ವಿದ್ಯುತ್ ಕಾರಿನ ಪಾಲಿಗೆ ಉಡುಗೊರೆ. ಕೆಂಪುಹೊಳೆಯ ಸದ್ದನ್ನು ಕೇಳುತ್ತ, ದಟ್ಟ ಕಾಡಿನ ತಿರುವುಗಳಲ್ಲಿ ಗುಂಡ್ಯದವರೆಗೆ ಇಳಿಯುವಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತವೆ. ಒಂದೂಮುಕ್ಕಾಲು ಟನ್ ಭಾರದ ಕಾರು 800 ಮೀಟರ್ ಕೆಳಗಿಳಿದರೆ ಅದರಲ್ಲಿ ಅಡಗಿರುವ ಶಕ್ತಿ ಸುಮಾರು 3.8 ಯೂನಿಟ್. ಗಾಳಿಗೂ ರಸ್ತೆಗೂ ಸಲ್ಲಬೇಕಾದ ಪಾಲು ಸಂದ ಮೇಲೆ ಉಳಿದುದರಲ್ಲಿ ಒಂದಿಷ್ಟು ಬ್ಯಾಟರಿಗೆ ಬರುತ್ತದೆ. ಪೋರ್ಟಿನ ಹಂಗಿಲ್ಲದೆ ದೊರೆಯುವ ಏಕೈಕ ಊಟವಿದು. ಆದರೆ ಸಕಲೇಶಪುರದಲ್ಲಿಯೇ ನೂರಕ್ಕೆ ನೂರು ತುಂಬಿಸಿಕೊಂಡು ಬಂದವನಿಗೆ ಇದು ದಕ್ಕುವುದಿಲ್ಲ. ತುಂಬಿದ ಕೊಡಕ್ಕೆ ನೀರೆರೆಯಲು ಬಾರದಷ್ಟೆ. ಅವನ ಕಾರು ಇಳಿಜಾರಿನಲ್ಲಿ ತಾನಾಗಿ ತಡೆಹಿಡಿಯುವುದೂ ಕಡಮೆಯಾಗಿ, ಕಾಲಿನ ಬ್ರೇಕಿನ ಮೇಲೆಯೇ ಹೆಚ್ಚು ನೆಚ್ಚಬೇಕಾಗುತ್ತದೆ. ಎಪ್ಪತ್ತರಷ್ಟೇ ತುಂಬಿಸಿಕೊಂಡಿದ್ದ ಈ ಸಂಸಾರವು ಉಪ್ಪಿನಂಗಡಿಯನ್ನು ಹಾದು, ಸಂಜೆಗತ್ತಲೆಯಲ್ಲಿ ಅಜ್ಜಿಯ ಮನೆಯ ಅಡಿಕೆ ತೋಟದ ದಾರಿಯನ್ನು ಹಿಡಿದಾಗ ಬ್ಯಾಟರಿಯಲ್ಲಿ ಇನ್ನೂ ಅರ್ಧದ ಸಮೀಪ ಉಳಿದಿತ್ತು.

ಮುರಕಲ್ಲಿನ ನೆಲ

ಪ್ರಯಾಣ ಮುಗಿಯಿತೆಂದುಕೊಂಡಲ್ಲಿಯೇ ನಿಜವಾದ ತೊಡಕು ಕಾದಿತ್ತು. ಹೆಂಚಿನ ಹಳೆಯ ಮನೆ. ಜಗಲಿಯ ಗೋಡೆಯಲ್ಲಿ ಪಂಪಿಗೆಂದು ಹಾಕಿದ ಪ್ಲಗ್ಗು. ಅದಕ್ಕೆ ಕೇಬಲ್ಲನ್ನು ಕೂಡಿಸಿದೊಡನೆ ಅದರ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿತು. ಅರ್ಥಿಂಗ್ ಇಲ್ಲವೆಂಬುದು ಅದರ ದೂರು. ಅದೇ ಪ್ಲಗ್ಗಿನಲ್ಲಿ ಪಂಪು ವರ್ಷಗಟ್ಟಲೆ ಓಡಿದೆ, ಯಾರಿಗೂ ಏನೂ ಆಗಿಲ್ಲ.

ಮರುದಿನ ಬೆಳಗ್ಗೆ ನೆರೆಮನೆಯ ಯುವಕನೊಬ್ಬನು ಬಂದು ನೋಡಿ ನಕ್ಕನು. "ಇದಕ್ಕೆಂತ ಭಾವ, ಒಂದು ತುಂಡು ವೈರು ಸಾಕು. ನ್ಯೂಟ್ರಲ್ಲಿನಿಂದ ಅರ್ಥಿನ ಪಿನ್ನಿಗೆ ಕೊಟ್ಟರೆ ದೀಪ ಹಸಿರಾಗ್ತದೆ" ಎಂದನು. ಅವನು ಹೇಳಿದುದು ಸುಳ್ಳಲ್ಲ, ದೀಪವೇನೋ ಹಸಿರಾಗುತ್ತದೆ. ಆದರೆ ಎಲ್ಲಿಯಾದರೂ ನ್ಯೂಟ್ರಲ್ ತಂತಿ ಕಡಿದರೆ, ಅಥವಾ ಫೇಸೂ ನ್ಯೂಟ್ರಲ್ಲೂ ಅದಲುಬದಲಾದರೆ ಆ ತುಂಡು ವೈರಿನ ಮೂಲಕ 230 ವೋಲ್ಟ್ ನೇರವಾಗಿ ಕಾರಿನ ಮೈಗೆ ಬಂದು ನಿಲ್ಲುತ್ತದೆ. ಅಂಗಳಕ್ಕೆ ನೀರು ಚಿಮುಕಿಸಿದೆ. ಮಕ್ಕಳು ಬರಿಗಾಲಿನಲ್ಲಿ ಕಾರಿನ ಸುತ್ತ ಆಡುತ್ತಿದ್ದಾರೆ. ಒಂದು ಪುಟ್ಟ ಕೈ ಬಾಗಿಲಿನ ಹಿಡಿಯನ್ನು ಮುಟ್ಟಿದರೆ ಸಾಕು.

ಅಳಿಯನು ಕೇಬಲ್ಲನ್ನು ಸುತ್ತಿ ಒಳಗಿಟ್ಟನು. ಬ್ಯಾಟರಿಯಲ್ಲಿ ಉಳಿದಿದ್ದುದರಿಂದ ಅವಸರವಿರಲಿಲ್ಲ. "ಮಾವ, ಲೈಸೆನ್ಸ್ ಇರುವ ವೈರ್‌ಮನ್ನರನ್ನೇ ಕರೆಸುವ" ಎಂದನು. ಮಾವನವರು ಒಪ್ಪಿದರು. ಬಂದ ವೈರ್‌ಮನ್ನರು ಮೀಟರನ್ನು ಹಿಡಿದು ನೋಡಿದರು. ಫೇಸಿಗೂ ಅರ್ಥಿಗೂ ನಡುವೆ 230ರ ಸಮೀಪ ಇರಬೇಕು, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಕೆಲವೇ ವೋಲ್ಟ್ ಇರಬೇಕು. ಇಲ್ಲಿ ಎರಡೂ ಲೆಕ್ಕ ತಪ್ಪಿದ್ದವು. ಬಾವಿಯ ಪಕ್ಕದಲ್ಲಿದ್ದ ಅರ್ಥಿಂಗಿನ ಗುಂಡಿಯನ್ನು ಅಗೆದಾಗ ಪೈಪಿಗೆ ತಂತಿಯನ್ನು ಹಿಡಿದಿದ್ದ ನಟ್ಟು ತುಕ್ಕಿನಿಂದ ಕಳಚಿ ಬಿದ್ದಿತ್ತು. ಸುತ್ತಣ ಮುರಕಲ್ಲಿನ ಮಣ್ಣು ಬೇಸಿಗೆಗೆ ಒಣಗಿ ಇಟ್ಟಿಗೆಯಂತಾಗಿತ್ತು. ಒಣನೆಲ ವಿದ್ಯುತ್ತನ್ನು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಾಗಿಯೇ ಹಿಂದಿನವರು ಪೈಪಿನ ಸುತ್ತ ಇದ್ದಿಲೂ ಉಪ್ಪೂ ತುಂಬಿ ತೇವ ಕಾಯುತ್ತಿದ್ದುದು.

ಜಗಲಿಯಿಂದ ನೋಡುತ್ತಿದ್ದ ಅಜ್ಜಿ, "ಮೊದಲೆಲ್ಲ ಬೇಸಿಗೆಯಲ್ಲಿ ನಾನೇ ದಿನಕ್ಕೊಂದು ಕೊಡ ನೀರು ಆ ಗುಂಡಿಗೆ ಹೊಯ್ಯುತ್ತಿದ್ದೆ. ಕಾಲು ನೋಯುವುದಕ್ಕೆ ತೊಡಗಿದ ಮೇಲೆ ಬಿಟ್ಟೆ. ಯಾರೂ ಕೇಳಲಿಲ್ಲ" ಎಂದರು.

ಹೊಸ ಕ್ಲಾಂಪು, ಹೊಸ ತಂತಿ, ಇದ್ದಿಲು, ಉಪ್ಪು, ನಾಲ್ಕು ಕೊಡ ನೀರು. ಪಂಪಿನ ಸವೆದ ಪ್ಲಗ್ಗಿನ ಬದಲು ಕಾರಿಗೆಂದೇ ಒಂದು ಬಿಗಿಯಾದ ಹೊಸ ಪ್ಲಗ್ಗು. ಮೀಟರಿನಲ್ಲಿ ಲೆಕ್ಕ ಸರಿಬಂದಿತು. ಕೇಬಲ್ಲಿನ ದೀಪ ಹಸಿರಾಯಿತು. ಸೋರಿಕೆಯಾದೊಡನೆ ತಂತಾನೇ ಕಡಿದುಬಿಡುವ ಆರ್‌ಸಿಸಿಬಿಯೊಂದನ್ನು ಮಳೆಗಾಲಕ್ಕೆ ಮೊದಲು ಹಾಕಿಸಬೇಕೆಂದು ಹೇಳಿ ವೈರ್‌ಮನ್ನರು ಹೊರಟರು.

ಆ ಮನೆಯಲ್ಲಿ ಅಷ್ಟು ಕಾಲ ಅರ್ಥಿಂಗ್ ಇರಲಿಲ್ಲ ಎಂಬುದು ಕಾರು ಬರುವವರೆಗೆ ಯಾರಿಗೂ ತಿಳಿದಿರಲಿಲ್ಲ. ಪಂಪು ಹೇಳಲಿಲ್ಲ, ಫ್ರಿಜ್ಜು ಹೇಳಲಿಲ್ಲ, ಅಜ್ಜಿ ದಿನವೂ ಒದ್ದೆ ಕೈಯಿಂದ ಮುಟ್ಟುವ ಗ್ರೈಂಡರೂ ಹೇಳಲಿಲ್ಲ. ಹೇಳಿದುದು ಚಾರ್ಜು ಮಾಡಲೊಲ್ಲೆನೆಂದು ಹಠ ಹಿಡಿದ ಆ ಕೆಂಪು ದೀಪ ಒಂದೇ. ನೆಲಮಾಳಿಗೆಯ ಶಾಖವನ್ನು, ಬಯಲಿನ ಧೂಳನ್ನು, ಮಲೆನಾಡಿನ ಮಳೆಯನ್ನು, ಕರಾವಳಿಯ ಒಣನೆಲವನ್ನು ಒಂದೊಂದಾಗಿ ಎತ್ತಿ ತೋರಿಸುವ ಈ ಹೊಸ್ತಿಲಿನ ಕಾವಲುಗಾರನು ಅಡ್ಡಿ ಮಾಡಿದಾಗ ಸಿಟ್ಟಾಗುವುದು ಸುಲಭ, ಅವನ ಕಣ್ಣಿಗೆ ಬಟ್ಟೆ ಕಟ್ಟುವುದು ಇನ್ನೂ ಸುಲಭ. ಏಕೆ ತಡೆಯುತ್ತಿದ್ದಾನೆಂದು ಒಂದು ಗಳಿಗೆ ನಿಂತು ಕೇಳಿದವರ ಮನೆಯ ಮಕ್ಕಳು ಮಾತ್ರ ನಿಶ್ಚಿಂತೆಯಿಂದ ಅಂಗಳದಲ್ಲಿ ಆಡಿಕೊಂಡಿರುತ್ತಾರೆ.